ಮನೆಯೊಳಗೊಂದು ಹಾವು

ಕಳೆದ ಶ್ರಾವಣದಲ್ಲಿ, ನಾಗರಪಂಚಮಿಯ ಮರುದಿನ, ನನ್ನ ಮೊಮ್ಮಗ ಬಂದು ಪಕ್ಕದಲ್ಲಿ ಕುಳಿತು, "ತಾತ, ನಮ್ಮನೇಲಿ ಒಂದು ಚಿಕ್ಕ ಹಾವು ಸಾಕೋಣ್ವಾ?" ಎಂದು ಕೇಳಿದ. ಹದಿನೈದು ವರ್ಷದ ಹುಡುಗ. ಅವನ ಸ್ನೇಹಿತನ ಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆಫ್ರಿಕದ ಹಾವಿನ ಮರಿಯೊಂದು ಇದೆಯಂತೆ. ಕಚ್ಚುವುದಿಲ್ಲವಂತೆ, ಗದ್ದಲ ಮಾಡುವುದಿಲ್ಲವಂತೆ, ವಾರಕ್ಕೊಮ್ಮೆ ಊಟ ಹಾಕಿದರೆ ಸಾಕಂತೆ. ಅಡುಗೆಮನೆಯಲ್ಲಿದ್ದ ಅವನ ತಾಯಿ ಅಲ್ಲಿಂದಲೇ, "ಹಾವಾ? ನಾಯಿಗೇ ಒಪ್ಪದವಳು ನಾನು!" ಎಂದು ಕೂಗಿದಳು. ಹುಡುಗ ಅವಳ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವುಂಟು. 1959ರಲ್ಲಿ, ಹನ್ನೊಂದು ವರ್ಷದವನಾಗಿದ್ದಾಗ, ಇದೇ ಮಲ್ಲೇಶ್ವರದ ಸಂಪಿಗೆ ರಸ್ತೆಯ ಮನೆಯೊಂದರಲ್ಲಿ ನಾನೂ ಹಾವೊಂದನ್ನು ಸಾಕಿದ್ದೆ. ಎಂಟೇ ದಿನ. ಆ ಸಂಗತಿ ನನ್ನ ಅಜ್ಜಿಯ ಹೊರತು ಇನ್ನಾರಿಗೂ ತಿಳಿಯದು. ಅದನ್ನು ಹೇಳುವ ಮುನ್ನ, ಮನುಷ್ಯ ಹಾವನ್ನು ತನ್ನ ಮನೆಯ ಹತ್ತಿರಕ್ಕೂ ಮನೆಯ ಒಳಕ್ಕೂ ತಂದುಕೊಂಡ ಬಗೆಗಳನ್ನು ಸ್ವಲ್ಪ ನೋಡೋಣ. ಕಥೆ ದೀರ್ಘವಾದದ್ದು, ಆದರೆ ಅದರ ಬಹುಭಾಗ ನಮ್ಮ ಬೀದಿಯಲ್ಲೇ ನಡೆದುಹೋಗಿದೆ.

ಮಲ್ಲೇಶ್ವರ ಬಡಾವಣೆ ಹುಟ್ಟಿದ್ದು ಒಂದು ಮಹಾಮಾರಿಯ ಹಿನ್ನೆಲೆಯಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳನ್ನು ತೊರೆದ ಜನಕ್ಕೆ ಗಾಳಿ ಬೆಳಕುಗಳಿರುವ ನೆಲೆ ಬೇಕಾಯಿತು. ಚಾಮರಾಜಪೇಟೆ ಅದಕ್ಕೂ ಮೊದಲೇ, 1892ರಲ್ಲಿ, ಹುಟ್ಟಿತ್ತು. ಈಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗೆರೆ ಎಳೆದಂತೆ ನೇರವಾದ ರಸ್ತೆಗಳು, ಅವಕ್ಕೆ ಮರಗಳ ಹೆಸರು: ಒಂದು ಸಂಪಿಗೆ, ಇನ್ನೊಂದು ಬೇವು, ಅಂದರೆ ಇಂದಿನ ಮಾರ್ಗೋಸಾ ರಸ್ತೆ. ಹತ್ತಿರದಲ್ಲೇ 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆ. ಹೊಲ, ಬೇಲಿ, ಹುತ್ತಗಳಿದ್ದ ನೆಲದಲ್ಲಿ ಮನೆಗಳೆದ್ದವು. ಆದ್ದರಿಂದ ಹಾವು ನಮ್ಮ ಮನೆಗೆ ಬಂತೆನ್ನುವುದಕ್ಕಿಂತ ನಾವೇ ಹಾವಿನ ಮನೆಗೆ ಬಂದೆವೆನ್ನುವುದು ಸತ್ಯಕ್ಕೆ ಹತ್ತಿರ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂದು ಗಾದೆ ಹೇಳುತ್ತೇವೆ. ಹಾವು ಸೇರಿಕೊಂಡ ಹುತ್ತದ ಮೇಲೆ ನಾವು ಮಹಡಿ ಕಟ್ಟಿದ್ದಕ್ಕೆ ಗಾದೆಯಿಲ್ಲ.

ಇಲ್ಲೊಂದು ಸೋಜಿಗವಿದೆ. ಅದೇ 1898ರಲ್ಲಿ, ಕರಾಚಿಯಲ್ಲಿ, ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಪ್ರಯೋಗದಿಂದ ಕಂಡುಕೊಂಡ. ಇಲಿಗೆ ಹಗೆಯಾದ ಪ್ರಾಣಿಗಳಲ್ಲಿ ನಮ್ಮ ಹಿತ್ತಲಿನ ಕೇರೆಹಾವೂ ಒಂದು. ಇಲಿಗೆ ಹೆದರಿ ಊರು ಬಿಟ್ಟು ಬಂದ ಜನ ಹೊಸ ಬಡಾವಣೆಯಲ್ಲಿ ಕೇರೆಯನ್ನು ಕಂಡ ಕೂಡಲೇ ದೊಣ್ಣೆ ಎತ್ತಿದರು. ನನ್ನ ಬಾಲ್ಯದಲ್ಲೂ ಅದು ನಡೆದೇ ಇತ್ತು. ಬಚ್ಚಲೊಲೆಯ ಪಕ್ಕದ ಸೌದೆಯ ರಾಶಿಯಿಂದ ಹೊರಬಂದ ಕೇರೆಗಳು ಒಮ್ಮೆಯೂ ಹಿಂದಕ್ಕೆ ಹೋದದ್ದನ್ನು ನಾನು ಕಾಣೆ.

ಆದರೆ ಅದೇ ಬೀದಿಯಿಂದ ನಾಲ್ಕು ಹೆಜ್ಜೆ ನಡೆದರೆ ಕಾಡುಮಲ್ಲೇಶ್ವರನ ಗುಡಿ. ಶಿವಾಜಿಯ ಮಲಸಹೋದರ ಏಕೋಜಿ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ 1669ರ ಶಾಸನ ಅಲ್ಲಿದೆ. ಆ ಗುಡಿಯ ಅಂಗಳದಲ್ಲಿ, ಅಶ್ವತ್ಥದ ನೆರಳಿನಲ್ಲಿ, ಸಾಲುಸಾಲಾಗಿ ನಾಗರಕಲ್ಲುಗಳು. ಹೆಡೆಯೆತ್ತಿದ ಒಂಟಿ ನಾಗ, ಹೆಣೆದುಕೊಂಡ ಜೋಡಿ ನಾಗ, ಎಣ್ಣೆ, ಅರಿಸಿನ, ಕುಂಕುಮಗಳಿಂದ ಮೆತ್ತಗಾದ ಕಲ್ಲಿನ ಮೈ. ಒಂದೊಂದು ಕಲ್ಲಿನ ಹಿಂದೆಯೂ ಒಂದು ಮನೆಯ ಆಸೆ ಇದೆ, ಹೆಚ್ಚಾಗಿ ಮಕ್ಕಳಿಲ್ಲದ ಹೆಣ್ಣಿನ ಆಸೆ. ಘಾಟಿ ಸುಬ್ರಹ್ಮಣ್ಯಕ್ಕೂ ಕುಕ್ಕೆಗೂ ನಡೆದುಬಂದ ಹರಕೆಗಳ ಮೂಲ ಇದೇ. ಕಲ್ಲಿನ ಹಾವಿಗೆ ಸಲ್ಲುವ ಭಕ್ತಿಯನ್ನೂ ಜೀವಂತ ಹಾವಿಗೆ ಬೀಳುವ ಪೆಟ್ಟನ್ನೂ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಎದುರುಬದುರು ನಿಲ್ಲಿಸಿ ತೋರಿಸಿದರು. ಆ ವಚನ ನಿಮಗೆಲ್ಲ ಕಂಠಸ್ಥ, ನಾನು ಹೇಳಬೇಕಾದ್ದಿಲ್ಲ. ಎಂಟುನೂರು ವರ್ಷಗಳ ಮೇಲೂ ಅದು ಹಳತಾಗಲಿಲ್ಲವಲ್ಲ ಎಂಬುದೇ ದುಃಖ.

ಭಕ್ತಿ, ಭಯ ಇವೆರಡರ ನಡುವೆ ಮೂರನೆಯದೊಂದು ದಾರಿಯೂ ನಮ್ಮಲ್ಲಿತ್ತು. ಅದು ತಿಳಿಯುವ ದಾರಿ. ಹದಿನಾಲ್ಕನೆಯ ಶತಮಾನದ ಮಂಗರಾಜ ಕವಿ 'ಖಗೇಂದ್ರಮಣಿದರ್ಪಣ' ಎಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲೇ, ಪದ್ಯದಲ್ಲೇ ಬರೆದ. ಖಗೇಂದ್ರನೆಂದರೆ ಗರುಡ, ಹಾವಿನ ವೈರಿ. ವೈದ್ಯ ಗ್ರಂಥಕ್ಕೆ ಅಂಥ ಹೆಸರಿಡುವ ರಸಿಕತೆ ಅಂದಿನವರಿಗಿತ್ತು. ಅದಾದ ನಾಲ್ಕು ಶತಮಾನಗಳ ಬಳಿಕ, ಕೋರಮಂಡಲ ತೀರದಲ್ಲಿ, ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ಹಾವುಗಳನ್ನು ತರಿಸಿ, ಚಿತ್ರ ಬರೆಸಿ, ಯಾವುದರಲ್ಲಿ ವಿಷವಿದೆ ಯಾವುದರಲ್ಲಿಲ್ಲ ಎಂದು ಪರೀಕ್ಷಿಸಿ 1796ರಲ್ಲಿ ದೊಡ್ಡ ಪುಸ್ತಕವನ್ನು ಅಚ್ಚು ಹಾಕಿಸಿದ. ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅವನದೇ ಹೆಸರು. ಈ ತಿಳಿವಳಿಕೆ ಬರಿಯ ಕುತೂಹಲದ ಮಾತಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ಆದ್ದರಿಂದ ಹಾವಿನ ಪರವಾಗಿ ಮಾತನಾಡುವವನು ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವನನ್ನು ಮರೆಯಬಾರದು.

ಇನ್ನು ಹಾವನ್ನು ನಿಜವಾಗಿ ಸಾಕಿದವರು ಯಾರು? ಹಾವಾಡಿಗರು. ನನ್ನ ಹುಡುಗತನದಲ್ಲಿ ಸಂಪಿಗೆ ರಸ್ತೆಗೆ ಅವರು ಬರುತ್ತಿದ್ದರು. ಹೆಗಲ ಮೇಲೆ ಕಾವಡಿ, ಎರಡು ತುದಿಗೂ ಚಪ್ಪಟೆಯಾದ ಬುಟ್ಟಿಗಳು, ಸೋರೆಬುರುಡೆಯ ಪುಂಗಿ. ಮುಚ್ಚಳ ತೆಗೆದು ಬುಟ್ಟಿಯನ್ನು ತಟ್ಟಿದರೆ ನಾಗರ ಎದ್ದು ನಿಲ್ಲುತ್ತಿತ್ತು. ಪುಂಗಿಯ ನಾದಕ್ಕೆ ಮನಸೋತು ಆಡುತ್ತದೆಂದು ನಾವು ನಂಬಿದ್ದೆವು. ಹಾವಿಗೆ ಹೊರಗಿವಿಯಿಲ್ಲ, ಅದು ನೋಡುತ್ತಿದ್ದುದು ಮುಖದೆದುರು ಅಲ್ಲಾಡುವ ಪುಂಗಿಯನ್ನು, ಎಲ್ಲಿಂದ ಪೆಟ್ಟು ಬೀಳುವುದೋ ಎಂಬ ಎಚ್ಚರದಿಂದ. ನಾವು ನೃತ್ಯವೆಂದದ್ದು ಅದರ ಅಂಜಿಕೆ. ವಿಷದ ಹಲ್ಲುಗಳನ್ನು ಕಿತ್ತಿರುತ್ತಿದ್ದರು. ಅವು ಮತ್ತೆ ಮೊಳೆಯುವುದರಿಂದ ಮತ್ತೆ ಕೀಳಬೇಕು. ಬಾಯಿ ಹುಣ್ಣಾಗಿ, ನುಂಗಲಾರದೆ, ಹಾವು ಬುಟ್ಟಿಯಲ್ಲೇ ಸೊರಗುತ್ತಿತ್ತು. ಇದು ಕ್ರೌರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವ ಬಿಲದಲ್ಲಿ ಯಾವ ಹಾವಿದೆ, ಅದು ಗಂಡೋ ಹೆಣ್ಣೋ, ಪೊರೆ ಬಿಡುವುದು ಇಂದೋ ನಾಳೆಯೋ ಎಂಬುದನ್ನು ಆ ಬಡವ ಬಲ್ಲಷ್ಟು ನಮ್ಮ ಬೀದಿಯ ಪದವೀಧರರಾರೂ ಬಲ್ಲವರಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು. ಆವರೆಗೆ ವಿದೇಶದ ಕೈಚೀಲ, ಪಾದರಕ್ಷೆಗಳಿಗಾಗಿ ನಮ್ಮ ಕೇರೆ, ನಾಗರ, ಹೆಬ್ಬಾವುಗಳು ಲೆಕ್ಕವಿಲ್ಲದಷ್ಟು ಚರ್ಮ ಸುಲಿಸಿಕೊಂಡಿದ್ದವು. ಕಾಯಿದೆಗೆ ಆಮೇಲೆ ತಿದ್ದುಪಡಿಗಳಾದವು. ನಾಗರ, ಕೇರೆ, ನೀರುಹಾವು, ಹೆಬ್ಬಾವು, ಮಣ್ಣುಮುಕ್ಕ, ಇವನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಇಂದು ಅಪರಾಧ. ಎರಡು ತಲೆಯ ಹಾವೆಂದು ಕರೆಸಿಕೊಳ್ಳುವ ಪಾಪದ ಮಣ್ಣುಮುಕ್ಕವನ್ನು ನಿಧಿ ಸಿಗುತ್ತದೆಂದು, ಅದೃಷ್ಟ ಕುದುರುತ್ತದೆಂದು ಕದ್ದು ಮಾರುವವರು ಇದ್ದೇ ಇದ್ದಾರೆ. ಅದರ ಮೊಂಡು ಬಾಲ ತಲೆಯಂತೆ ಕಾಣುವುದೇ ಅದರ ಕೇಡು.

ಕಾಯಿದೆ ಬಂದಾಗ ಹೊಟ್ಟೆಯ ಮೇಲೆ ಹೊಡೆತ ತಿಂದವರು ಹಾವನ್ನೇ ನಂಬಿದ್ದ ಜನ. ಅವರಲ್ಲಿ ತಮಿಳುನಾಡಿನ ಇರುಳರಿಗೆ ಒಂದು ಹೊಸ ದಾರಿ ತೆರೆಯಿತು. ಅದನ್ನು ತೆರೆದವರಲ್ಲಿ ಮುಖ್ಯರಾದ ರೋಮ್ಯುಲಸ್ ವಿಟೇಕರ್ ಅವರಿಗೂ ಕನ್ನಡನಾಡಿಗೂ ನಂಟಿದೆ. ಅವರು 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಅವರ ಮಲತಂದೆ ರಾಮ ಚಟ್ಟೋಪಾಧ್ಯಾಯರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗ. ಹಾವು ಹಿಡಿದು ಮನೆಗೆ ತಂದ ಮಗನನ್ನು ತಾಯಿ ಗದರಿಸಲಿಲ್ಲ. ಹಾವಿನ ಪುಸ್ತಕ ಕೊಡಿಸಿದಳು. 1951ರಲ್ಲಿ ಭಾರತಕ್ಕೆ ಬಂದ ಆ ಹುಡುಗನೇ ಮುಂದೆ ಮದರಾಸಿನ ಹಾವಿನ ಉದ್ಯಾನವನ್ನೂ, 2005ರಲ್ಲಿ ನಮ್ಮ ಆಗುಂಬೆಯ ಮಳೆಕಾಡಿನ ಸಂಶೋಧನಾ ಕೇಂದ್ರವನ್ನೂ ಕಟ್ಟಿದರು. 2018ರಲ್ಲಿ ಪದ್ಮಶ್ರೀ ಬಂತು. 1978ರಲ್ಲಿ ಆರಂಭವಾದ ಇರುಳರ ಸಹಕಾರ ಸಂಘದಲ್ಲಿ ಹಾವನ್ನು ಹಿಡಿದು ತಂದು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಯಲ್ಲಿ ಕೆಲವು ವಾರ ಇಟ್ಟು, ಪ್ರತಿವಿಷದ ತಯಾರಿಕೆಗಾಗಿ ವಿಷ ತೆಗೆದು, ಹೊಟ್ಟೆಯ ಪೊರೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂಬ ಗಾದೆಯನ್ನು ನಾವು ಚತುರರಿಗೆ ಹೇಳುತ್ತೇವೆ. ಅದು ನ್ಯಾಯವಾಗಿ ಸಲ್ಲಬೇಕಾದದ್ದು ಈ ಇರುಳರಿಗೆ. ಆ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಸಂದಿತು.

ನಮ್ಮ ಬೀದಿಯ ಹಾವಾಡಿಗನಿಗೆ ಅಂಥ ದಾರಿ ತೆರೆಯಲಿಲ್ಲ. ಅವನು ಬರುವುದು ನಿಂತಿತು. ಎಲ್ಲಿಗೆ ಹೋದನೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಡವನ ಬುಟ್ಟಿ ಹೀಗೆ ಮುಚ್ಚಿಕೊಂಡ ನಗರದಲ್ಲಿ ಉಳ್ಳವರ ಗಾಜಿನ ಪೆಟ್ಟಿಗೆ ಮೆಲ್ಲಗೆ ತೆರೆದುಕೊಂಡಿತು. ಏಕೆಂದರೆ ಕಾಯಿದೆ ನಮ್ಮ ನಾಡಿನ ಹಾವುಗಳನ್ನು ಕಾಯುತ್ತಿತ್ತು, ಪರದೇಶದ ಹಾವುಗಳನ್ನಲ್ಲ. ಅಂತಾರಾಷ್ಟ್ರೀಯ ಒಪ್ಪಂದದಡಿ ರಕ್ಷಣೆ ಪಡೆದ ವಿದೇಶಿ ಜೀವಿಗಳನ್ನು ಒಳಗೊಳ್ಳುವಂತೆ 2022ರಲ್ಲಿ ತಿದ್ದುಪಡಿ ಅಂಗೀಕಾರವಾಗಿ, 2023ರಲ್ಲಿ ಜಾರಿಗೆ ಬಂತು. ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಿಯಮಗಳಾದವು. ಅಷ್ಟರಲ್ಲಿ ಸರಕು ಹರಿದುಬರುತ್ತಲೇ ಇತ್ತು. 2023ರ ಸೆಪ್ಟೆಂಬರಿನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ, ವಾರಸುದಾರರಿಲ್ಲದ ಚೀಲಗಳನ್ನು ತೆರೆದಾಗ 78 ಪ್ರಾಣಿಗಳು ಸಿಕ್ಕವು: 55 ಚೆಂಡು ಹೆಬ್ಬಾವುಗಳು, 17 ಕಾಳಿಂಗಸರ್ಪಗಳು, ಜೊತೆಗೆ ಆರು ಕೋತಿಗಳು. ಹಾವುಗಳು ಬದುಕಿದ್ದವು. ಕೋತಿಗಳು ಸತ್ತಿದ್ದವು.

ನನ್ನ ಮೊಮ್ಮಗ ಕೇಳಿದ್ದು ಈ ಚೆಂಡು ಹೆಬ್ಬಾವನ್ನೇ. ಬೆದರಿದಾಗ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕ. ಬೆನಿನ್ ದೇಶದ ಔಯಿದಾ ಪಟ್ಟಣದಲ್ಲಿ ಈ ಹಾವಿಗೆ ಒಂದು ಗುಡಿಯಿದೆ. ಅಲ್ಲಿನ ಹಾವುಗಳನ್ನು ರಾತ್ರಿ ಹೊರಗೆ ಬಿಡುವುದುಂಟು. ಅವು ಯಾರ ಮನೆಯನ್ನಾದರೂ ಹೊಕ್ಕರೆ ಮನೆಯವರು ಅತಿಥಿಯೆಂದು ಬರಮಾಡಿಕೊಂಡು, ಬಳಿಕ ಗುಡಿಗೆ ತಂದೊಪ್ಪಿಸುತ್ತಾರೆ. ಕಾಡುಮಲ್ಲೇಶ್ವರನ ಕಟ್ಟೆಯಿಂದ ಸಾವಿರಾರು ಮೈಲಿ ದೂರದಲ್ಲಿ ಇನ್ನೊಂದು ಜನಾಂಗ ಇನ್ನೊಂದು ಹಾವಿಗೆ ಕೈಮುಗಿಯುತ್ತಿದೆ. ಅಲ್ಲಿ ಕೈಮುಗಿಸಿಕೊಳ್ಳುವ ಹಾವು ಇಲ್ಲಿ ಚೀಲದಲ್ಲಿ ಕಳ್ಳಸರಕಾಗಿ ಬಂದಿಳಿಯುತ್ತದೆ. ನಮ್ಮ ನಾಗರ ಬೇರೆ ನಾಡಿನಲ್ಲಿ ಹೀಗೆ ಬಂದಿಳಿದರೆ ನಮಗೇನೆನ್ನಿಸೀತು ಎಂದು ನಾನು ಮೊಮ್ಮಗನನ್ನು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಕದ್ದು ತಂದಿದ್ದಲ್ಲ ತಾತ, ಇಲ್ಲೇ ಮರಿ ಮಾಡಿಸಿದ್ದು, ನೋಂದಣಿ ಇರೋದು ತರ್ತೀನಿ" ಎಂದ. ಹುಡುಗ ಓದಿಕೊಂಡೇ ಬಂದಿದ್ದ. ಅಂಥದನ್ನು ಕಾನೂನು ಒಪ್ಪುತ್ತದೆ. ಆದ್ದರಿಂದ ಮಾತು ಕಾನೂನಿನಿಂದ ಆರೈಕೆಗೆ ಹೊರಳಬೇಕಾಯಿತು.

ಹಾಗಾದರೆ ಆರೈಕೆಯೆಂದರೇನು? ಇಬ್ಬರೂ ಕೂತು ಪಟ್ಟಿ ಮಾಡಿದೆವು. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೆ ಹೋಗಿ ಕಾಯಿಸಿಕೊಂಡು ನೆರಳಿಗೆ ಹೋಗಿ ಆರಿಸಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ಒಂದು ಬದಿ ಮೂವತ್ತೊಂದು ಮೂವತ್ತೆರಡು ಡಿಗ್ರಿ ಬೆಚ್ಚಗಿರಬೇಕು, ಇನ್ನೊಂದು ಬದಿ ಇಪ್ಪತ್ತೈದು ಇಪ್ಪತ್ತಾರರಷ್ಟು ತಂಪಾಗಿರಬೇಕು. ಆಯ್ಕೆ ಅದಕ್ಕೆ ಬಿಟ್ಟದ್ದು. ಎರಡು ಬದಿಗೂ ಮೈ ಒತ್ತಿ ಕೂರುವಂಥ ಮರೆ ಬೇಕು. ಮರೆಯಿಲ್ಲದ ಹಾವು ಸದಾ ಅಂಜಿಕೊಂಡೇ ಇರುತ್ತದೆ. ಅಗಲವಾದ ಬಟ್ಟಲಲ್ಲಿ ನೀರು. ಗಾಳಿಯಲ್ಲಿ ಹದವಾದ ತೇವ. ತೇವ ಸಾಲದಿದ್ದರೆ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗಂಟುತ್ತದೆ. ಪೊರೆ ಬಿಡುವ ಮುನ್ನ ಕಣ್ಣು ಹಾಲುಗಟ್ಟಿದಂತೆ ಮಸುಕಾಗುತ್ತದೆ, ಆಗ ಮುಟ್ಟಬಾರದು. ಆಹಾರ ಇಲಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ಇರಬೇಕು, ಮೊದಲೇ ಕೊಂದದ್ದಾಗಿರಬೇಕು. ಜೀವಂತ ಇಲಿ ಹಾವನ್ನೇ ಕಚ್ಚೀತು. ನುಂಗಿದ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬಾರದು. ಈ ಜಾತಿ ಒಮ್ಮೊಮ್ಮೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ಆಗ ಸಾಕಿದವನಿಗೆ ತಾಳ್ಮೆ ಬೇಕು. ನಾಯಿಯಂತೆ ಬಾಗಿಲಿಗೆ ಬಂದು ಬಾಲ ಅಲ್ಲಾಡಿಸುವುದಿಲ್ಲ. ಬಹಳವೆಂದರೆ ನಿನ್ನ ಕೈಗೆ ಅಂಜುವುದನ್ನು ಬಿಡುತ್ತದೆ. ಕೊನೆಯದಾಗಿ ಆಯುಸ್ಸು: ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷ.

ಬೇಸರವಾಯಿತೆಂದು ಕೆರೆಯ ದಂಡೆಗೆ ಬಿಟ್ಟುಬಿಡುವಂತೆಯೂ ಇಲ್ಲ. ನಮ್ಮ ಏಷ್ಯದ ಬರ್ಮಾ ಹೆಬ್ಬಾವನ್ನು ಅಮೆರಿಕದವರು ಮುದ್ದಿಗೆ ಸಾಕಿದರು. ಕೈಬಿಟ್ಟವೂ ತಪ್ಪಿಸಿಕೊಂಡವೂ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗಿನಲ್ಲಿ ಬೆಳೆದು, ಅಲ್ಲಿನ ಸಣ್ಣಪುಟ್ಟ ಪ್ರಾಣಿಗಳನ್ನು ಬರಿದು ಮಾಡಿದವು. ಕನ್ನಡದಲ್ಲಿ ಸಾಕು ಎಂಬ ಮಾತಿಗೆ ಎರಡು ಅರ್ಥ. ಪೋಷಿಸು ಎಂದೊಂದು, ಇನ್ನು ಬೇಡ ಎಂದೊಂದು. ಮೊದಲನೆಯ ಅರ್ಥದಲ್ಲಿ ಆ ಮಾತನ್ನು ಆಡಿದವನಿಗೆ ಎರಡನೆಯ ಅರ್ಥದಲ್ಲಿ ಆಡುವ ಹಕ್ಕಿಲ್ಲ.

ಇಷ್ಟಾದ ಮೇಲೆ ನನ್ನ ಎಂಟು ದಿನಗಳ ಕಥೆಯನ್ನು ಹೇಳದೆ ವಿಧಿಯಿರಲಿಲ್ಲ. ಮಳೆ ಬಿದ್ದ ಮರುದಿನ ಸ್ಯಾಂಕಿ ಕೆರೆಯ ಅಂಚಿನಲ್ಲಿ ಪೆನ್ಸಿಲಿನಷ್ಟು ದಪ್ಪದ ಹಾವಿನ ಮರಿಯೊಂದು ಸಿಕ್ಕಿತು. ಮೈಮೇಲೆ ಚದುರಂಗದ ಮಣೆಯ ಹಾಗೆ ಚೌಕಗಳು. ಅದು ವಿಷವಿಲ್ಲದ ನೀರುಹಾವೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಬಿಸ್ಕತ್ತಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಅದರಲ್ಲಿಟ್ಟೆ. ಅಜ್ಜಿಗೆ ಎರಡನೆಯ ದಿನವೇ ತಿಳಿಯಿತು. "ಬಿಟ್ಬಿಡೋ, ಪಾಪ ತಟ್ಟತ್ತೆ" ಎಂದಳು. ನಾನು ಅತ್ತೆ. ಅವಳ ಮನಸ್ಸು ಕರಗಿ, "ಹಾಗಾದ್ರೆ ಹಾಲಾದ್ರೂ ಇಡು" ಎಂದು ಬೆಳ್ಳಿಯ ಪುಟ್ಟ ಬಟ್ಟಲನ್ನೇ ಕೊಟ್ಟಳು. ಕಪ್ಪೆಮರಿ, ಮೀನುಮರಿ ತಿನ್ನುವ ಜೀವಿಗೆ ನಾನು ಮೂರು ಹೊತ್ತೂ ಹಾಲಿಟ್ಟೆ. ಚಳಿಯಾದೀತೆಂದು ತಗಡಿನ ಡಬ್ಬಿಯನ್ನು ಕಿಟಕಿಯ ಬಿಸಿಲಿನಲ್ಲಿಟ್ಟೆ. ಒಳಗೆ ನೆರಳಿರಲಿಲ್ಲ. ಎಂಟನೆಯ ದಿನ ಸಂಜೆ ಶಾಲೆಯಿಂದ ಬಂದು ಮುಚ್ಚಳ ತೆಗೆದರೆ ಅದು ಮಗುಚಿ ಬಿದ್ದಿತ್ತು, ಹೊಟ್ಟೆ ಮೇಲಾಗಿ.

ಸತ್ತ ನಾಗರಕ್ಕೆ ಸಂಸ್ಕಾರ ಮಾಡುವುದು ನಮ್ಮಲ್ಲಿ ಪದ್ಧತಿ. ಇದಕ್ಕೂ ಮಾಡೋಣವೆಂದೆ. "ಇದು ನಾಗರ ಅಲ್ವಲ್ಲೋ" ಎಂದಳು ಅಜ್ಜಿ. ಹಿತ್ತಲಿನ ನಂದಿಬಟ್ಟಲು ಗಿಡದ ಬುಡದಲ್ಲಿ ಇಬ್ಬರೂ ಸೇರಿ ಹೂತೆವು. ನನ್ನಲ್ಲಿ ದ್ವೇಷವಿರಲಿಲ್ಲ, ದೊಣ್ಣೆಯಿರಲಿಲ್ಲ, ಹಲ್ಲು ಕೀಳುವ ಇಕ್ಕಳವಿರಲಿಲ್ಲ. ಇದ್ದದ್ದು ಪ್ರೀತಿ, ಅಜ್ಜಿಯಲ್ಲಿದ್ದದ್ದು ಭಕ್ತಿ. ಆದರೆ ಅದಕ್ಕೆ ಏನು ಬೇಕೆಂಬುದನ್ನು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಮೊಮ್ಮಗನಿಗೆ ನಾನು ಬೇಡವೆನ್ನಲಿಲ್ಲ. ಅವನ ತಾಯಿ ಅಂದಳು. ಆ ಮಾತು ಬೇರೆ. ಅಂದು ಸಂಜೆ ಇಬ್ಬರೂ ಕಾಡುಮಲ್ಲೇಶ್ವರಕ್ಕೆ ನಡೆದು ಹೋದೆವು. ಹಿಂದಿನ ದಿನದ ಪೂಜೆಯ ಅರಿಸಿನ ಕಲ್ಲುಗಳ ಮೇಲೆ ಇನ್ನೂ ಹಸಿಯಾಗಿತ್ತು. ಕಟ್ಟೆಯ ಕೆಳಗೆ ಎರೆದ ಹಾಲು ಹುಳಿಯಾಗಿ ನೊಣ ಕುಳಿತಿತ್ತು. ಹುಡುಗ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ. "ಇಪ್ಪತ್ತೈದು ವರ್ಷ ಅಂದ್ರೆ ಆಗ ನಂಗೆ ನಲವತ್ತು" ಎಂದ. ನನಗೆ ಎಷ್ಟಾಗುತ್ತದೆಂದು ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದೆವು. ಸಂಪಿಗೆ ರಸ್ತೆಯ ಹೂವಿನ ಅಂಗಡಿಗಳಲ್ಲಿ ಆಗತಾನೇ ದೀಪ ಹಚ್ಚಿದ್ದರು.

"ತಾತ," ಎಂದ ಹುಡುಗ, "ಆ ನಿಮ್ಮ ಹಾವಿನ ಮರಿಗೆ ಹೆಸರಿಟ್ಟಿದ್ರಾ?"

ಇಟ್ಟಿರಲಿಲ್ಲ. ಎಂಟು ದಿನವೂ ಅದನ್ನು ನನ್ನ ಹಾವು ಎಂದೇ ಕರೆದಿದ್ದೆ.